ನನ್ನ ಮೂಗು ಮತ್ತು ಒಂಟಿ ಸೀನು

ನನ್ನ ಮೂಗಿನ ಬಗ್ಗೆ ಯಾರೂ ದೂರು ಹೇಳಿದ್ದಿಲ್ಲ. ಲಗ್ನಕ್ಕೆ ಮುಂಚೆ ನನ್ನನ್ನು ನೋಡಲು ಬಂದ ಲಿಂಗಸುಗೂರಿನ ಬೀಗರಂತೂ ಹುಡುಗನ ಮೂಗು ನೀಟಾಗಿದೆ ಎಂದೇ ಒಪ್ಪಿಕೊಂಡಿದ್ದರು. ಅದರ ಒಳಗೆ ಏನಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಜಾಮರ ರಾಜ್ಯದ ದಿನಗಳವು. ನಾನು ಸಿಂಧನೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ತೂಕದ ಗುಮಾಸ್ತ. ಹಗಲೆಲ್ಲ ಹತ್ತಿಯ ಧೂಳು ಮೂಗಿಗೆ ಹೋಗುತ್ತಿತ್ತು. ಅದನ್ನು ಹೊರಗೆ ಹಾಕಲೆಂದು ನಶ್ಯ ಏರಿಸುತ್ತಿದ್ದೆ. ರಾತ್ರಿ ಬಲಕ್ಕೆ ಮಲಗಿದರೆ ಬಲ ಹೊಳ್ಳೆ ಮುಚ್ಚುತ್ತಿತ್ತು, ಎಡಕ್ಕೆ ಹೊರಳಿದರೆ ಎಡದ್ದು. ಅಂಗಾತ ಮಲಗಿದರೆ ಎರಡೂ! ಆಮೇಲೆ ಬಾಯಿಯೇ ಗತಿ. ಇನ್ನು ವಾಸನೆ ಎಂಬುದು ಬೇರೆಯವರು ಹೇಳಿದರೆ ನಾನು ನಂಬುವ ವಿಷಯವಾಗಿತ್ತು.

ಲಗ್ನವಾಗಿ ಕೆಲವು ತಿಂಗಳಿಗೆ ಹೆಂಡತಿ ನೀಲಮ್ಮನನ್ನು ಕರೆದುಕೊಂಡು ಬರಲು ಲಿಂಗಸುಗೂರಿಗೆ ಹೋದೆ. ಮಾವನ ಮನೆಯ ಪಡಸಾಲೆಯಲ್ಲಿ ಸುಖವಾಗಿ ಮಲಗಿ ಎದ್ದೆ. ಕಣ್ಣು ಬಿಟ್ಟರೆ ಮಾವ ನನ್ನ ತಲೆಯ ಹತ್ತಿರ ಕುಳಿತಿದ್ದರು, ಕಣ್ಣು ಕೆಂಪಾಗಿದ್ದವು. ನನ್ನ ಗೊರಕೆ ನಡುನಡುವೆ ನಿಂತುಹೋಗುತ್ತಿತ್ತಂತೆ. ನಿಂತಾಗಲೆಲ್ಲ ಅವರು ನನ್ನ ಎದೆ ಮುಟ್ಟಿ ನೋಡಿದ್ದರಂತೆ.

"ಇದು ದಮ್ಮಿನ ಬ್ಯಾನಿ ಐತಿ," ಎಂದರು ಮಾವ. "ಡಾಕ್ಟರ್ ಸಾಹೇಬ್ರು ಅಳಿಯ ಛಲೋ ಅದಾನ ಅನ್ನೂತನಕ ಮಗಳನ್ನ ಕಳಸಾಂಗಿಲ್ಲ."

ಒಬ್ಬನೇ ಮರಳಿದರೆ ಜಿನ್ನಿನವರಿಗೆ ಮುಖ ತೋರಿಸುವಂತಿರಲಿಲ್ಲ. ಅದೂ ಇರಲಿ, ನೀಲಮ್ಮ ನನಗೆ ಬಹಳ ಇಷ್ಟವಾಗಿದ್ದಳು. ಮಾವನ ಜೊತೆ ಸರ್ಕಾರಿ ದವಾಖಾನೆಗೆ ಹೋದೆ.

ಡಾಕ್ಟರ್ ಸಾಹೇಬರು ಹಣೆಗೆ ಕನ್ನಡಿ ಕಟ್ಟಿಕೊಂಡು ನನ್ನ ಮೂಗಿನೊಳಗೆ ಬಹಳ ಹೊತ್ತು ಇಣುಕಿದರು. ಎದೆ ಗಟ್ಟಿಯಾಗಿದೆ, ತಪ್ಪೆಲ್ಲ ಮೂಗಿನದು ಎಂದು ತೀರ್ಪು ಕೊಟ್ಟರು. ಪ್ರತಿಯೊಬ್ಬರ ಮೂಗಿನ ಗೋಡೆಗೂ ಸಣ್ಣ ಹಲಗೆಯಂಥ ಮಾಂಸದ ಮಡಿಕೆಗಳಿರುತ್ತವಂತೆ. ಒಳಗೆ ಬರುವ ಗಾಳಿಯನ್ನು ಬೆಚ್ಚಗೆ ಮಾಡುವುದು ಅವುಗಳ ಕೆಲಸ. ಹತ್ತಿಯ ಧೂಳಿಗೂ ನಶ್ಯಕ್ಕೂ ನನ್ನವು ಊದಿಕೊಂಡು ದಾರಿಗೇ ಅಡ್ಡ ಕುಳಿತಿದ್ದವು. ನಶ್ಯ ಬಿಡಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡು ತೂಕ ಮಾಡಬೇಕು, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ ಮೂಗು ತೊಳೆಯಬೇಕು. ಇಷ್ಟಕ್ಕೂ ಇಳಿಯದಿದ್ದರೆ ಹೈದರಾಬಾದಿನಲ್ಲಿ ಕಾದ ತಂತಿಯಿಂದ ಸುಡುತ್ತಾರೆ ಎಂದರು. ನಾನು ಅಲ್ಲೇ ನಶ್ಯದ ಡಬ್ಬಿಯನ್ನು ಕಿಟಕಿಯಿಂದ ಎಸೆದೆ.

ಚಿಟಿಕೆ ಉಪ್ಪಿನ ಗುಣ ಇಷ್ಟಾದರೆ ಹಿಡಿ ಉಪ್ಪಿನದು ಎಷ್ಟಿರಬೇಕು ಎಂದು ಲೆಕ್ಕ ಹಾಕಿದೆ. ಆ ಲೆಕ್ಕದಿಂದ ನನ್ನ ಮೂಗಿಗೆ ಬೆಂಕಿ ಬಿದ್ದಂತಾಯಿತು. ಇದ್ದ ಸಂದೂ ಮುಚ್ಚಿತು.

ಆದರೂ ಎದೆ ಗಟ್ಟಿ ಎಂದು ಸಮಾಧಾನವಾದ ಮಾವ ಮಗಳನ್ನು ಕಳಿಸಲು ಒಪ್ಪಿ ಒಳ್ಳೆಯ ದಿನ ನೋಡಿದರು. ಬಂಡಿ ಬಾಗಿಲಿಗೆ ಬಂತು. ಅಳಿಯನಿಗೆ ದೃಷ್ಟಿಯಾಗಿದೆ ಎಂದು ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಭಾರಿ ದೃಷ್ಟಿ ಎಂದು ನಮ್ಮ ಕಡೆಯ ನಂಬಿಕೆ. ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದ ಅತ್ತೆ, ಘಾಟು ಬಂತೇ ಎಂದು ನನ್ನನ್ನೇ ಕೇಳಿದರು. ಇಂಥ ಮೂಗಿರುವವನು ಕಣ್ಣು ಮುಚ್ಚಿ ಹೌದೆನ್ನಬೇಕಿತ್ತು. ನಾನು ಸತ್ಯವಂತ.

"ಏನೂ ಬರವಲ್ದರಿ," ಎಂದೆ.

ಅತ್ತೆ ಗಾಬರಿಯಾಗಿ ಇನ್ನಷ್ಟು ಹಾಕಿದರು. ಮತ್ತೆ ಕೇಳಿದರು. ಮತ್ತೆ ಇಲ್ಲವೆಂದೆ. ಮೊರದಲ್ಲಿದ್ದುದೆಲ್ಲ ಕೆಂಡಕ್ಕೆ ಬಿತ್ತು. ಎತ್ತುಗಳು ಕೆಮ್ಮಿದವು. ಆಗ ಎಲ್ಲೋ ಒಂದು ಎಳೆ ಘಾಟು ನನ್ನ ಮೂಗಿನೊಳಗೆ ನುಸುಳಿತು. ಅಂಗಳ ಅದುರುವಂತೆ ಸೀನಿದೆ. ಒಂದೇ ಒಂದು ಸೀನು!

ಮಾವ ಎತ್ತಿನ ಹಗ್ಗ ಹಿಡಿದು ನಿಂತರು. ಹೊರಡುವಾಗ ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ಅಡ್ಡಿಯಿಲ್ಲ. ಎಲ್ಲರೂ ನನ್ನ ಮೂಗನ್ನೇ ನೋಡುತ್ತ ಎರಡನೆಯದಕ್ಕಾಗಿ ಕಾದರು. ನಾನು ಸೂರ್ಯನನ್ನು ನೋಡಿದೆ. ಹುಲ್ಲುಕಡ್ಡಿ ತೂರಿಸಿದೆ. ನಶ್ಯ ಇದ್ದಿದ್ದರೆ ಎನಿಸಿತು. ಮೂಗು ಮತ್ತೆ ಬಾಗಿಲು ಹಾಕಿಕೊಂಡಿತ್ತು. ಮುಂದಿನ ಒಳ್ಳೆಯ ದಿನ ಅಮಾವಾಸ್ಯೆ ಕಳೆದ ಮೇಲೆ, ಅಲ್ಲಿಯತನಕ ಅಳಿಯಂದಿರು ಇಲ್ಲೇ ಇರಲಿ ಎಂದು ಮಾವ ಕ್ಷೀಣ ದನಿಯಲ್ಲಿ ಹೇಳಿದರು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ನೀಲಮ್ಮ ಸೀನಿದಳು.

ಮಾವ ಅನುಮಾನದಿಂದ ಅತ್ತೆಯ ಮುಖ ನೋಡಿದರು. "ಗಂಡ ಹೆಂತಿದು ಕೂಡಿ ಜೋಡಿ ಆತು, ಬಂಡಿ ಹೊಡೀರಿ," ಎಂದರು ಅತ್ತೆ. ಮಾವ ತಡಮಾಡದೆ ಬಂಡಿ ಹೊರಡಿಸಿದರು.

ದಾರಿಯುದ್ದಕ್ಕೂ ನಾನು ಹಿಗ್ಗುತ್ತ ಕುಳಿತಿದ್ದೆ. ಮಸ್ಕಿ ಹತ್ತಿರ ಬಂದಾಗ ಧೈರ್ಯ ಮಾಡಿ, ನನ್ನ ಜೊತೆ ಬರಬೇಕೆಂಬ ನಿನ್ನ ಆಸೆಗೆ ದೇವರೇ ಸಮಯಕ್ಕೆ ಸರಿಯಾಗಿ ಸೀನು ಕೊಟ್ಟ ಎಂದೆ.

"ಸೀನ ಬಂದಿದ್ದಿಲ್ರಿ, ಬೇಕಂತನ ಸೀನಿದ್ನಿ," ಎಂದಳು ನೀಲಮ್ಮ. ನಾನು ಇನ್ನಷ್ಟು ಹಿಗ್ಗಿದೆ.

"ನೀವು ಬಂದಾಗಿಂದ ನಿಮ್ಮ ಗೊರಕಿಗೆ ನಮ್ಮಪ್ಪ ರಾತ್ರಿ ಕಣ್ಣು ಮುಚ್ಚಿಲ್ಲ," ಎಂದು ಅವಳು ಮುಂದುವರಿಸಿದಳು. "ಅಮಾಸಿ ತನಕ ನೀವು ಅಲ್ಲೇ ಉಳಿದಿದ್ರ ಆತ ಬದುಕ್ತಿದ್ದಿಲ್ರಿ."