ಮನೆಯೊಳಗೆ ಹಾರದ ಕಿಡಿ

ಹೊರಗೆ ಹುಲಿ, ಮನೆಯಲ್ಲಿ ಇಲಿ ಎಂದು ಗಂಡಸರನ್ನು ಹಾಸ್ಯ ಮಾಡುವುದುಂಟು. ನನ್ನದು ಅದಕ್ಕಿಂತ ಕಡೆ. ಹುಬ್ಬಳ್ಳಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದಾಗ ನನ್ನ ಮಾತು ಕಿಡಿ ಹಾರಿಸುತ್ತದೆಂದು ಎದುರು ಪಕ್ಷದವರೇ ಒಪ್ಪುತ್ತಿದ್ದರು. ಮನೆಗೆ ಬಂದರೆ ಮಾತ್ರ, ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು, ಸಿಟ್ಟು ಮೂಗಿನ ತುದಿಗೆ ಬಂದು ಕೂತು ಬಾಯಿ ಮುಚ್ಚಿಹೋಗುತ್ತಿತ್ತು. ಇಲಿಯಾದರೂ ರಾತ್ರಿ ಸದ್ದು ಮಾಡುತ್ತದೆ, ನಾನು ಅದನ್ನೂ ಮಾಡುತ್ತಿರಲಿಲ್ಲ. ಇದನ್ನು ನಾನು ಗಾಂಭೀರ್ಯವೆಂದು ತಿಳಿದಿದ್ದೆ. ನನ್ನ ಹೆಂಡತಿ ಗಂಗವ್ವ ಏನೆಂದು ತಿಳಿದಿದ್ದಳೆಂಬುದು ಗೊತ್ತಾದದ್ದು ಅವಳ ತವರಿನ ಚಕಮಕಿ ಬಂದೂಕಿನಿಂದ.

ಮಾವ ಗೋಪನಕೊಪ್ಪದವರು. ಆ ಮನೆಗೆ ಹೊಸ ಸೊಸೆ ಕಾಲಿಡುವ ಮೊದಲು ಅಜ್ಜನ ಕಾಲದ ಆ ಬಂದೂಕಿಗೆ ಬರೀ ಮದ್ದು ತುಂಬಿ ಒಮ್ಮೆ ಹಾರಿಸುವುದು ಪದ್ಧತಿ. ಕಿರಿಯ ಮಗನ ಮದುವೆ ಗೊತ್ತಾಯಿತು. ಕಿಡಿ ಹಾರಿಸುವ ಹಳೆಯ ಕೀಲನ್ನು ತುಕ್ಕು ತಿಂದಿತ್ತು. ಮಾವ ಎಲ್ಲಿಂದಲೋ ಬೇರೆ ಕೀಲು ತಂದು ಊರ ಬಡಿಗನಿಂದ ಕೂಡಿಸಿದರು. ಬಡಿಗ ಬಾಗಿಲು ಕೂಡಿಸುವುದರಲ್ಲಿ ಎತ್ತಿದ ಕೈ. ಬಂದೂಕೂ ಒಂದು ಬಾಗಿಲೆಂದೇ ತಿಳಿದು ಬಡಿದು ಕೂಡಿಸಿದ್ದ. ಚಕಮಕಿ ಕಲ್ಲು ಕಚ್ಚಿಕೊಂಡು ಬಡಿಯುವ 'ಕುದುರೆ' ಎಂಬ ಕೊಕ್ಕೆ ಅರ್ಧ ದಾರಿಗೇ ನಿಂತುಬಿಡುತ್ತಿತ್ತು. "ತಮ್ಮನ ಮದುವ್ಯಾಗ ಇದು ಹಾರಲಿಲ್ಲಂದ್ರ ಅಪ್ಪ ಮಂದ್ಯಾಗ ತಲಿ ಎತ್ತೂದಿಲ್ಲ" ಎಂದು ಗಂಗವ್ವ ಕಣ್ಣೀರು ತೆಗೆದಳು. ಹುಬ್ಬಳ್ಳಿಯಲ್ಲಿ ಸರಿ ಮಾಡಿಸುವ ಹೊಣೆ ನನ್ನ ಮೇಲೆ ಬಿತ್ತು. ಕೌದಿಯಲ್ಲಿ ಸುತ್ತಿದ ಬಂದೂಕು ಚಕ್ಕಡಿಯಿಂದ ಇಳಿದಾಗ ಓಣಿಯವರು ಅದನ್ನು ತಂಬೂರಿಯೆಂದು ತಿಳಿದು, ಯಾರ ಹಾಡಿನ ಬೈಠಕ್ ಇದೆ, ನಾವೂ ಬರಬಹುದೇ ಎಂದು ಕೇಳಿದರು.

ದುರ್ಗದಬೈಲಿನಲ್ಲಿ ಟ್ರಂಕು, ಬೀಗ ರಿಪೇರಿ ಮಾಡುವ ಹುಸೇನಸಾಬನನ್ನು ಮನೆಗೇ ಕರೆಸಿದೆ. ತಾನು ಮಾಡಿದ ಬೀಗ ತನಗೇ ತೆಗೆಯಲು ಬರುವುದಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನುಷ್ಯ. ಕೀಲನ್ನು ಬಿಚ್ಚಿ ಕೈಯಲ್ಲಿ ಹಿಡಿದು ಒತ್ತಿದ, ಕಿಡಿ ಚಿಮ್ಮಿತು. ಬಂದೂಕಿನ ಕಟ್ಟಿಗೆಯಲ್ಲಿ ಕೂಡಿಸಿ ಒತ್ತಿದ, ಸದ್ದೇ ಇಲ್ಲ. ಮೊದಲು ಸ್ಪ್ರಿಂಗನ್ನು ಬೈದ, ಆಮೇಲೆ ಕಲ್ಲನ್ನು ಬೈದ, ಕೊನೆಗೆ ಬಡಿಗನ ಏಳು ತಲೆಮಾರನ್ನು ಬೈದ. ಮತ್ತೆ ಬಿಚ್ಚಿ, ಕಣ್ಣು ಕಿರಿದು ಮಾಡಿ ನೋಡಿ, ತೀರ್ಪು ಕೊಟ್ಟ.

"ವಕೀಲಸಾಬ್ರ, ಇದು ಹೊರಗ ಭಾರೀ ಕಿಡಿ ಹಾರಸ್ತೈತ್ರಿ. ಮನಿ ಹೊಕ್ತು ಅಂದ್ರ ಗಪ್ಪ."

ಕೀಲು ಕೂಡುವ ಕಟ್ಟಿಗೆಯ ಗುಳಿಯನ್ನು ಈ ಕಸುಬಿನವರು 'ಮನಿ' ಎನ್ನುತ್ತಾರೆ. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಬಂದು, ಇಂಥಾದ್ದಕ್ಕೆ ಔಷಧ ಏನೆಂದು ಬಹಳ ಭಕ್ತಿಯಿಂದ ಕೇಳಿದಳು.

"ಬಡೀಬಾರದ್ರಿ ಅಕ್ಕಾರ. ಮಸಿ ಹಚ್ಚಬೇಕು. ಎಲ್ಲಿ ತಾಗತೈತಿ ಅಂತ ಮಸೀನ ತೋರಸ್ತೈತಿ. ಅಷ್ಟ ಕೆರೀಬೇಕು."

ಚಿಮಣಿ ದೀಪದ ಮಸಿ ಅವಳು ಅಷ್ಟು ಲಗೂ ತಂದದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಮುಂದಿನದನ್ನು ನೋಡುತ್ತ ನಾನು ಸಿಟ್ಟನ್ನೇ ಮರೆತೆ. ಹುಸೇನಸಾಬ ಕೀಲಿಗೆ ಮಸಿ ಸವರಿ, ಮನೆಯಲ್ಲಿ ಕೂಡಿಸಿ, ಎತ್ತುತ್ತಿದ್ದ. ಕಟ್ಟಿಗೆಯ ಮೇಲೆ ಎಳ್ಳಿನಷ್ಟು ಕಪ್ಪು ಉಳಿಯುತ್ತಿತ್ತು. ಸಣ್ಣ ಉಳಿಯಿಂದ ಅಷ್ಟನ್ನೇ, ಉಳ್ಳಾಗಡ್ಡಿ ಸಿಪ್ಪೆಯಂತೆ ಕೆರೆಯುತ್ತಿದ್ದ. ಮತ್ತೆ ಮಸಿ, ಮತ್ತೆ ಉಳಿ. ಬೇಕಾದಷ್ಟನ್ನೇ ಕೆರೆದು ಉಳಿದದ್ದನ್ನು ಮುಟ್ಟದೆ ಬಿಡುವ ಆ ಕೈಯನ್ನು ಕಂಡು ನನಗೆ ನಿಜವಾಗಿ ಕೈ ಮುಗಿಯಬೇಕೆನಿಸಿತು. ಕೋರ್ಟಿಗೆ ಹೊತ್ತಾದದ್ದೂ ತಿಳಿಯಲಿಲ್ಲ. ಕೊನೆಗೆ ಕೀಲು ಕೂದಲು ತೂರದಂತೆ ಕೂತಿತು. ಒತ್ತಿದ. ಮನೆಯೊಳಗೇ ಕಿಡಿ ಹಾರಿತು. ಗಂಗವ್ವ ಶಾಭಾಸ್ ಎಂದಳು. ಅಷ್ಟು ವರ್ಷದ ಸಂಸಾರದಲ್ಲಿ ನನಗೆ ಒಂದೂ ಸಿಕ್ಕಿರಲಿಲ್ಲ.

ಮದುವೆಯ ದಿನ ಮಾವ ಬಂದೂಕನ್ನು ನನ್ನ ಕೈಗೇ ಕೊಟ್ಟರು. ಸೊಸೆ ಹೊಸ್ತಿಲ ಮುಂದೆ ನಿಂತಿದ್ದಳು. ನಾನು ಕಣ್ಣು ಮುಚ್ಚಿ ಒತ್ತಿದೆ. ಢಂ ಎಂದಿತು! ಎತ್ತುಗಳು ಹಗ್ಗ ಹರಿದವು. ಮಾವ ತಲೆ ಎತ್ತಿ, ಸುತ್ತಿದ ಪಟಕಾ ಸರಿಮಾಡಿಕೊಂಡು, ಅಳಿಯ ಮನೆಯ ಮಾನ ಉಳಿಸಿದನೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಎದೆ ಉಬ್ಬಿಸಿ ನಿಂತೆ. ಮಂದಿಯೆಲ್ಲ ನನ್ನನ್ನೇ ನೋಡಿ ನಗುತ್ತಿದ್ದರು. ಸಿಡಿದ ಮದ್ದು ನನ್ನ ಮೂಗಿನ ತುದಿಗೆ ಸರಿಯಾಗಿ ಮಸಿ ಬಳಿದಿತ್ತು. ಒರೆಸಲೆಂದು ಸೆರಗು ಎತ್ತಿದ ಗಂಗವ್ವ ತನ್ನ ಕೈಯನ್ನು ತಾನೇ ತಡೆದಳು.

"ಇರ್ಲಿ ತಡೀರಿ," ಎಂದಳು ಮೆಲ್ಲಗೆ. "ಎಲ್ಲಿ ತಾಗತೈತಿ ಅಂತ ಮಸಿ ತೋರಿಸೇತಿ."

ಅಂದಿನ ಊಟದಲ್ಲಿ ಸಾರಿಗೆ ಉಪ್ಪೇ ಇರಲಿಲ್ಲ. ಛಲೋ ಆಗೇತಿ ಎಂದು ನಾನು ಎಲ್ಲರಿಗಿಂತ ಮೊದಲು, ಗಟ್ಟಿಯಾಗಿ ಹೇಳಿದೆ.