ಕೆರೆ ಪಕ್ಕದ ಕೃಷಿ ಹೊಂಡ

ದುಡಿಯುವ ಮನುಷ್ಯನಿಗೆ ಏನೂ ಆಗುವುದಿಲ್ಲ. ಸುಮ್ಮನೆ ಕೂತು ನೋಡಿ, ಪ್ರಸಂಗಗಳು ತಾವೇ ಮನೆ ಕೇಳಿಕೊಂಡು ಬರುತ್ತವೆ.

ನಾನು ಮಾಸೂರಿನವನು. ಮೀಸೆ ಚಿಗುರಿದ ವರ್ಷವೇ ಜೆಸಿಬಿ ಹತ್ತಿದವನು. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಎಲ್ಲಿ ಬೇಕಾದರೂ ಕೇಳಿ, ನನ್ನಷ್ಟು ನೆಟ್ಟಗೆ ಕಾಲುವೆ ತೋಡುವವನು ಇನ್ನೂ ಹುಟ್ಟಿಲ್ಲ. ಜೆಸಿಬಿ ಬಕೆಟ್ಟಿನಿಂದ ಕೋಳಿ ತತ್ತಿ ಎತ್ತಿ ಪಕ್ಕಕ್ಕಿಟ್ಟವನು ನಾನು. ಅದರಿಂದ ಮರಿಯೂ ಆಯಿತು.

ಇಷ್ಟು ವರ್ಷ ಮಂದಿಯ ನೆಲ ಅಗೆದದ್ದಾಯಿತು, ಒಂದು ವರ್ಷ ನನ್ನನ್ನೇ ನೋಡಿಕೊಳ್ಳೋಣ ಎಂದು ಮಾಲಕರ ಕೈಗೆ ಚಾವಿ ಕೊಟ್ಟುಬಿಟ್ಟೆ. ವರ್ಷ ತುಂಬುವ ತನಕ ಜೆಸಿಬಿಯ ಲಿವರ್ ಮುಟ್ಟುವುದಿಲ್ಲ ಎಂದು ಚಹಾದಂಗಡಿಯಲ್ಲಿ ಎಲ್ಲರೆದುರು ಹೇಳಿಯೂ ಆಯಿತು.

ಅವ್ವನ ಗುಮಾನಿ

ಅಂಗಳದ ಹೊರಸಿನ ಮೇಲೆ ಮಲಗಿದರೆ ಮೈ ಇನ್ನೂ ಇಂಜಿನ್ನಿನಂತೆ ಸಣ್ಣಗೆ ನಡುಗುತ್ತಿತ್ತು. ಮೇಲೆ ಮೋಡಗಳು ತೇಲುತ್ತಿದ್ದವು. ಕೈ ತನ್ನಷ್ಟಕ್ಕೆ ಲಿವರ್ ಎಳೆದು ಒಂದು ಮೋಡ ಎತ್ತಿ ಇನ್ನೊಂದರ ಮೇಲೆ ಸುರಿಯುತ್ತಿತ್ತು.

ಅವ್ವ ಇದನ್ನು ನೋಡಿಬಿಟ್ಟಳು. ಮರುದಿನವೇ ಬಸ್ಸು ಬದಲಿಸುತ್ತ ಹುಲಗೂರು ದರ್ಗಾಕ್ಕೆ ಕರೆದೊಯ್ದಳು. ತಾಯಿತ ಕಟ್ಟುವ ಅಜ್ಜ ಹುಡುಗನಿಗೆ ಏನು ತ್ರಾಸು ಎಂದು ಕೇಳಿದ. ಕೆಲಸ ಬಿಟ್ಟು ಸುಮ್ಮನೆ ಕೂರುತ್ತಾನೆ ಎಂದಳು ಅವ್ವ. ಅಜ್ಜ ಕೈಯಲ್ಲಿದ್ದ ತಾಯಿತ ಕೆಳಗಿಟ್ಟ.

"ನನಗೂ ಹಿಂಗ ಆಗಿತ್ತವ್ವಾ. ಅದಕ್ಕ ಇಲ್ಲಿ ಕುಂತೇನಿ."

ಎಲೆ-ಅಡಿಕೆ ತಟ್ಟೆ

ನನ್ನ ಮದುವೆಗೆ ಸವಣೂರಿನ ಹೆಣ್ಣೊಂದು ಹೆಚ್ಚುಕಡಿಮೆ ಗೊತ್ತಾಗಿತ್ತು. ನನಗಂತೂ ಆಕೆಯ ಹೊರತು ಬೇರೆಯವರು ಬೇಡವೇ ಬೇಡ. ಹಗಲುಗನಸಿನ ಅರ್ಧ ಪಾಲು ಆಕೆಯದೇ. ಆಕೆಯ ಅಪ್ಪ ಎಲೆಬಳ್ಳಿ ತೋಟದವರು. ಅವರ ಮನೆಗೆ ಹೋದಾಗ ಎಲೆ-ಅಡಿಕೆ ತಟ್ಟೆ ಮುಂದಿಟ್ಟು, ಈಗ ಏನು ಕೆಲಸ ಎಂದು ಕೇಳಿದರು. ನಾನು ಎದೆಯುಬ್ಬಿಸಿದೆ.

"ಏನೂ ಇಲ್ಲರಿ. ಒಂದ್ ವರ್ಷ ನಾನು ಯಾರಂತ ನೋಡಾಕತ್ತೇನಿ."

ಅವರು ಮೆಲ್ಲಗೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಗೊತ್ತಾದ ಮ್ಯಾಲೆ ಬರ್ರಿ. ಯಾರಿಗೆ ಕೊಡಾಕತ್ತೇವಿ ಅಂತ ನಮಗೂ ತಿಳೀಬೇಕಲ್ಲ."

ಬಾಗಿಲ ಹಿಂದೆ ಆಕೆ ಕಿಸಕ್ಕನೆ ನಕ್ಕಳು. ಹೆಣ್ಣು ಕೈತಪ್ಪಿತು, ಆ ನಗೆಯನ್ನು ಮಾತ್ರ ಮಾಸೂರಿನ ತನಕ ತಂದೆ.

ಹುಣಸೆಮರ

ಆಮೇಲೆ ದಿನವೂ ಮದಗದ ಕೆರೆ ಪಕ್ಕದ ಹುಣಸೆಮರದ ಕೆಳಗೆ ಕೂರತೊಡಗಿದೆ. ಬೆಳ್ಳಕ್ಕಿಗಳು ನೀರಿನೊಳಗಿನ ತಮ್ಮ ನೆರಳಿನ ಜೊತೆಗೇ ಹಾರುತ್ತಿದ್ದವು. ನಾನು ಎದುರಿನ ನೆಲ ನೋಡುತ್ತ ಸವಣೂರಿನ ನಗೆ ಕೇಳುತ್ತಿದ್ದೆ.

ಊರು ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡುತ್ತಿತ್ತು. ಊರೂರ ನೆಲ ಅಗೆದವನು ಕೆಲಸ ಬಿಟ್ಟು ಒಂದೇ ಜಾಗ ನೋಡುತ್ತಾನೆಂದರೆ ಅಲ್ಲಿ ನಿಧಿ ಇರಲೇಬೇಕಲ್ಲ!

ಆ ಹೊಲ ಊರ ಗೌಡರದು. ಒಂದು ಬೆಳಿಗ್ಗೆ ಹೋದರೆ ನಾನು ನೋಡುತ್ತಿದ್ದ ಜಾಗದಲ್ಲೇ ಬೇರೆ ಊರಿನ ಜೆಸಿಬಿ. ಏನು ಗೌಡ್ರ ಎಂದೆ.

"ಕೃಷಿ ಹೊಂಡಪಾ. ಹೊಲಕ್ಕ ನೀರಿಲ್ಲ" ಎಂದರು. ಅವರ ಬೆನ್ನ ಹಿಂದೆ ಕೆರೆ ತುಂಬಿ ತುಳುಕುತ್ತಿತ್ತು.

ಸಿಕ್ಕಿದ್ದು

ಆ ಡ್ರೈವರ್ ಅಗೆಯುತ್ತಿದ್ದನೋ, ಎಮ್ಮೆ ಹೊರಳಾಡಿತ್ತೋ! ಹೊಂಡದ ಒಂದು ಬದಿ ಮಾಸೂರಿಗೆ ವಾಲಿತ್ತು, ಇನ್ನೊಂದು ಬದಿ ಹಿರೇಕೆರೂರಿಗೆ. ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕಣ್ಣೊಳಗೂ ಅದು ಸೊಟ್ಟಗೇ ಕಂಡಿತು. ವರ್ಷದ ಮಾತು ಹಾಳಾಗಲಿ ಎಂದು ಎದ್ದೆ.

"ಇಳಿಯೋ ತಮ್ಮಾ."

ಲಿವರ್ ಕೈಗೆ ಬಂದದ್ದೇ ತಡ, ಮೈಯ ನಡುಕ ನಿಂತುಹೋಯಿತು. ಸಂಜೆಯೊಳಗೆ ಹೊಂಡದ ಗೋಡೆಗಳು ಮುಖ ನೋಡಿಕೊಳ್ಳುವಷ್ಟು ನುಣುಪಾದವು. ಸಿಕ್ಕಿದ್ದು ಮಾತ್ರ ಕಲ್ಲು, ಬೇರು. ಗೌಡರು ಇಣುಕಿ ನೋಡಿ ನಿಟ್ಟುಸಿರು ಬಿಟ್ಟರು.

ಮರುದಿನದಿಂದ ಕೆಲಸಕ್ಕೆ ಹೋದೆ. ಮರದ ಕೆಳಗೆ ನಾನಿಲ್ಲದ್ದನ್ನು ಕಂಡ ಊರು ತೀರ್ಮಾನ ಮಾಡಿತು: ಕೂರುವುದು ಬಿಟ್ಟನೆಂದರೆ ಇವನಿಗೆ ಸಿಕ್ಕಿದೆ.

ವಾರದೊಳಗೆ ಆಕೆಯ ಅಪ್ಪ ಸವಣೂರಿನ ಹಿರಿಯರೊಂದಿಗೆ ಎಲೆಯ ಪೆಂಡಿ ಹಿಡಿದು ನಮ್ಮ ಪಡಸಾಲೆಗೆ ಬಂದರು. ಏನು ಸಿಕ್ಕಿತೆಂದು ನಾವು ಕೇಳುವುದೇ ಇಲ್ಲ ಎಂದು ಹೇಳಿ, ಚಹಾ ಮುಗಿಯುವ ತನಕ ಅದನ್ನೇ ಕೇಳಿದರು. ನಾನು ಮೀಸೆ ತಿರುವಿದೆ, ಅಷ್ಟೇ. ನಿಶ್ಚಯದ ಮಾತು ಮುಗಿಸಿಯೇ ಎದ್ದರು.

ನಿಶ್ಚಯದ ದಿನ ಆಕೆಯ ಜೊತೆ ಮಾತಾಡಲು ಅವಕಾಶ ಸಿಕ್ಕಿತು. ಆಕೆಗೆ ಸುಳ್ಳು ಹೇಳಬಾರದು. ಕಲ್ಲು, ಬೇರು ಬಿಟ್ಟರೆ ಅಲ್ಲಿ ಏನೂ ಸಿಕ್ಕಿಲ್ಲ ಎಂದು ಒಪ್ಪಿಕೊಂಡೆ.

ಆಕೆ ಅದೇ ನಗೆ ನಕ್ಕಳು.

"ನನಗ ಗೊತ್ತೈತ್ರಿ. ನಿಧಿ ಸಿಕ್ಕೈತಂತ ನಮ್ಮಪ್ಪನ ಕಿವಿಗೆ ಹಾಕಿಸಿದಾಕಿ ನಾನ. ಮೀಸಿ ಹಂಗ ತಿರುವಕೋಂತ ಇರ್ರಿ, ಮದುವಿ ಆಗೋತನ."