ಅತ್ತೆ ಓದಿದ ಅಂಕಿ

ಕಳೆದ ವಾರ ಗುಡ್ಡದ ಏರಿನಲ್ಲಿ ಷಡ್ಡಕ ತನ್ನ ಕಾರನ್ನು ಭರ್ರನೆ ಮುಂದೆ ಹಾಯಿಸಿದ್ದು ದೊಡ್ಡ ವಿಷಯವೇನಲ್ಲ. ಹಾಯಿಸುವಾಗ ಕಿಟಕಿಯಿಂದ ಕೈ ಹೊರಗೆ ಚಾಚಿ, ಮಗುವಿಗೆ ಮಾಡುವಂತೆ ಟಾಟಾ ಮಾಡಿದನಲ್ಲ, ಅದು ಕನ್ನಡಕದಂಗಡಿಯವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಇಬ್ಬರದೂ ಒಂದೇ ತರಹದ ಟರ್ಬೊ ಕಾರು. ಕೊನೆಗೆ ಪಂಥವೇ ಆಯಿತು: ಈ ಭಾನುವಾರ ಸಂಜೆ ಗುಡ್ಡದ ತುದಿಯನ್ನು ಮೊದಲು ಮುಟ್ಟಿದವನನ್ನು ಸೋತವನು ಜೀವನಪೂರ್ತಿ ಎಲ್ಲರೆದುರು 'ಗುರುಗಳೇ' ಎಂದು ಕರೆಯಬೇಕು.

ಭಾನುವಾರ ಬೆಳಗ್ಗೆ ಅವನು ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ನಿನ ಹದ ತಿದ್ದಲು ಕೂತ. ಟರ್ಬೊ ಎಂಜಿನ್ನಿಗೆ ಗಾಳಿ ಒತ್ತುತ್ತದೆ, ಒತ್ತಿದಷ್ಟೂ ಬಲ. ಆದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಯದಿದ್ದರೆ ಮಿಶ್ರಣ ತೆಳುವಾಗಿ ಪಿಸ್ಟನ್ನೇ ಕರಗೀತು. ಹಾಗಾಗಿ ಇವನು ಆಕ್ಸಿಲರೇಟರ್ ಅದುಮುವಾಗ ಪಕ್ಕದಲ್ಲಿ ಕೂತವರು ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂದು ಪರದೆ ತೋರಿಸುವ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಹನ್ನೆರಡರ ಆಸುಪಾಸಿದ್ದರೆ ಕ್ಷೇಮ. ಮೇಲೇರಿದರೆ ತೆಳು, ಅಪಾಯ.

"ಕಾರಲ್ಲಿ ಓದಿದ್ರೆ ನಂಗೆ ವಾಂತಿ ಬರುತ್ತಪ್ಪ. ಅಮ್ಮನ್ನ ಕರ್ಕೊಂಡು ಹೋಗಿ" ಎಂದಳು ಹೆಂಡತಿ.

ಅತ್ತೆ ಆಗಷ್ಟೇ ದೊಡ್ಡ ಮಗಳ ಮನೆಯಿಂದ ಬಂದಿದ್ದರು. "ಅದಕ್ಕೇನಂತೆ, ನಡೀರಿ" ಎಂದು ಕಾರು ಹತ್ತಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ಹೊಳೆಯದಂತೆ ಪರದೆಯನ್ನು ತಾವೇ ಓರೆ ಮಾಡಿಕೊಂಡರು. ಎಷ್ಟು ಚುರುಕು ಎಂದು ಅವನು ಬೆರಗಾದ.

"ಅಂಕಿ ಕಾಣುತ್ತಾ ಅತ್ತೆ?"

"ನೀವೇ ಮಾಡ್ಕೊಟ್ಟ ಕನ್ನಡಕ ಅಳಿಯಂದಿರೇ. ಇರುವೆ ಕಾಲೂ ಕಾಣುತ್ತೆ."

ಮೊದಲ ಸಲ ಅದುಮಿದಾಗ ಅತ್ತೆ ಕೂಗಿದರು: "ಹದಿನಾಲ್ಕು!" ಅವನು ಬೆಚ್ಚಿ ಪೆಟ್ರೋಲ್ ಹೆಚ್ಚಿಸಿದ. ಎರಡನೆಯ ಸಲ "ಹದಿನಾಲ್ಕೂವರೆ!" ಇನ್ನಷ್ಟು ಪೆಟ್ರೋಲ್ ಸುರಿದು, ಟರ್ಬೊದ ಒತ್ತಡವನ್ನೂ ಇಳಿಸಿದ. "ಅಯ್ಯೋ, ಹದಿನೈದು!" ಮತ್ತೆ ಇಳಿಸಿದ.

ಮನೆಯ ಮುಂದೆ ಹಾದುಹೋದಾಗಲೆಲ್ಲ ಕಾರಿನ ಹಿಂದೆ ಕರೀ ಹೊಗೆ. ಮೇಲ್ಮನೆಯಾಕೆ ಒಣಹಾಕಿದ್ದ ಬಿಳಿ ಹೊದಿಕೆ ಹಿಡಿದು ಬಾಲ್ಕನಿಗೆ ಬಂದಳು. "ರೀ ಕನ್ನಡಕ! ನೋಡ್ರೀ, ಎಮ್ಮೆ ಚರ್ಮ ಆಗೋಯ್ತು! ಕಾರು ಓಡಿಸ್ತಿದೀರೋ, ಒಲೆ ಹಚ್ತಿದೀರೋ?"

"ಕರೀ ಹೊಗೆ ಬಂದ್ರೆ ಪೆಟ್ರೋಲ್ ಜಾಸ್ತಿ ಆಯ್ತು ಅಂತ ಅಲ್ವೇನ್ರೀ?" ಹೆಂಡತಿ ಬಾಗಿಲಿಂದ ಕೇಳಿದಳು.

"ಅಂಕಿ ತೆಳು ಅಂತಿದೆ ಕಣೇ. ನಿಮ್ಮಮ್ಮನ ಕಣ್ಣು ಪರೀಕ್ಷೆ ಮಾಡಿದ್ದು ನಾನು. ನನ್ನ ಕನ್ನಡಕ ಸುಳ್ಳು ಹೇಳುತ್ತಾ?"

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಬಾಯಲ್ಲಿ ಹನ್ನೆರಡು ಬಂತು. ಅವನ ಮುಖ ಅರಳಿತು. ಕಾರು ತುಸು ಭಾರವಾಗಿ ಹೆಜ್ಜೆಯಿಡುತ್ತಿದೆ ಅನ್ನಿಸಿತಾದರೂ, ಪೈಲ್ವಾನರು ಬೀದಿಯಲ್ಲಿ ಕುಣಿಯುತ್ತಾರೆಯೇ ಎಂದು ಸಮಾಧಾನ ಮಾಡಿಕೊಂಡ.

ಸಂಜೆ ಹೆಂಡತಿಯರೂ ಅವರವರ ಕಾರು ಹತ್ತಿದರು, ಅತ್ತೆ ಕನ್ನಡಕದವನ ಹಿಂದಿನ ಸೀಟಿನಲ್ಲಿ ಕೂತರು. ಎರಡೂ ಕಾರು ಹಾರ್ನ್ ಹೊಡೆದು ಹೊರಟವು. ಏರು ಶುರುವಾದದ್ದೇ ತಡ, ಅವನ ಕಾರು ನೆಗಡಿಯಾದ ಆನೆಯಂತೆ ಕೆಮ್ಮತೊಡಗಿತು. ಪೆಡಲನ್ನು ನೆಲಕ್ಕೆ ಒತ್ತಿದರೂ ಅಷ್ಟೇ. ಇನ್ನೇನು ಆ ಟಾಟಾ ಬಂತು ಎಂದು ಹಲ್ಲು ಕಚ್ಚಿ ಪಕ್ಕಕ್ಕೆ ನೋಡಿದರೆ ಷಡ್ಡಕನ ಕಾರೂ ಅಲ್ಲೇ ಕರೀ ಹೊಗೆ ಕಾರುತ್ತ ತೆವಳುತ್ತಿದೆ!

ಅಷ್ಟರಲ್ಲಿ ಬ್ರೆಡ್ಡು ಮಾರುವ ಮುದುಕ ಸೈಕಲ್ ತುಳಿಯುತ್ತ, ಗಂಟೆ ಬಾರಿಸಿ ಇಬ್ಬರ ನಡುವೆ ನುಸುಳಿ ಮುಂದೆ ಹೋದ. ಹೋಗುತ್ತ ಟಾಟಾ ಬೇರೆ ಮಾಡಿದ.

"ನಿಮ್ಮ ಕಾರಿಗೇನಾಯ್ತು?" ಕನ್ನಡಕದವನು ಕಿಟಕಿಯಾಚೆ ಕೂಗಿದ.

"ನಿನ್ನೆಯೆಲ್ಲ ಕೂತು ಟ್ಯೂನ್ ಮಾಡಿದೀನಿ ಕಣಯ್ಯಾ!"

"ಅಂಕಿ ಓದಿದ್ಯಾರು?"

ಷಡ್ಡಕ ಕನ್ನಡಕದವನ ಹಿಂದಿನ ಸೀಟಿನ ಕಡೆ ಬೆರಳು ತೋರಿಸಿದ.

ಅತ್ತೆ ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. "ಕನ್ನಡಕಕ್ಕೆ ಏನೂ ಅನ್ಬೇಡಿ ಅಳಿಯಂದಿರೇ, ಅಂಕಿ ಚೆನ್ನಾಗೇ ಕಾಣ್ತಿತ್ತು, ಓದುವಾಗ ನಾನೇ ಏರಿಸಿ ಹೇಳ್ದೆ. ಎರಡು ಕಾರಲ್ಲೂ ಕೂತಿರೋದು ನನ್ನ ಮಕ್ಕಳು. ನೋಡಿ, ಹೀಗೆ ಹೋದ್ರೆ ಅವರಿಗೂ ಎರಡು ಮಾತಾಡೋಕೆ ಆಗುತ್ತೆ."

ಅಕ್ಕತಂಗಿಯರು ಆಗಲೇ ಕಿಟಕಿಗೆ ಕಿಟಕಿ ತಾಗಿಸಿದಂತೆ ಹರಟೆಯಲ್ಲಿ ಮುಳುಗಿದ್ದರು. ಗುಡ್ಡದ ಮೇಲಿನ ತಣ್ಣನೆ ಗಾಳಿ ಹಿತವಾಗಿತ್ತು ಎಂಬುದನ್ನೂ ಒಪ್ಪಲೇಬೇಕು.

"ಆಯ್ತು, ಗುರುಗಳೇ" ಎಂದ ಕನ್ನಡಕದವನು, ಅತ್ತೆಯತ್ತ ತಿರುಗಿ. ಅದೇ ಹೊತ್ತಿಗೆ ಪಕ್ಕದ ಕಾರಿನಿಂದಲೂ ಅದೇ ಮಾತು ಕೇಳಿಬಂತು.

"ಮುಂದೆ ನೋಡ್ಕೊಂಡು ಓಡಿಸಿ ಇಬ್ಬರೂ" ಎಂದರು ಅತ್ತೆ.